ರಸ ಹಿಂಡುವ ಮೊದಲು ಸೇಬನ್ನು ಹದ ಮಾಡುವುದು ಹೇಗೆ?

ಮನೆಯಲ್ಲೇ ಸೇಬಿನ ರಸ ತೆಗೆಯಲು ಹೊರಟವರು ದುಡ್ಡು ಸುರಿಯುವುದು ತಿರುಪು ಬಿಗಿದು ಹಣ್ಣು ಹಿಂಡುವ ಪ್ರೆಸ್ಸಿನ ಮೇಲೆ, ಎಡವುವುದು ಅದಕ್ಕೂ ಮೊದಲು. ಹಣ್ಣನ್ನು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಬಟ್ಟೆಗೆ ಸುರಿದು ತಿರುಪು ಬಿಗಿದರೆ ರಸದ ಬದಲು ಗೊಜ್ಜೇ ನಾಲ್ಕೂ ಕಡೆಯಿಂದ ನುಗ್ಗಿ ಬರುತ್ತದೆ. ಆಮೇಲೆ ಬೈಗುಳವೆಲ್ಲ ಪ್ರೆಸ್ಸಿಗೆ. ಎಷ್ಟೋ ಮನೆಗಳಲ್ಲಿ ಇದೇ ಕಥೆ ನೋಡಿದ್ದೇನೆ.

ಹಂತ 1: ಹಣ್ಣಿನ ಆಯ್ಕೆ

ಒಂದೇ ತಳಿಯ ಸಿಹಿ ಸೇಬಿನ ರಸ ಸಪ್ಪೆ ಎನಿಸುತ್ತದೆ. ಮೂರು ಪಾಲು ಸಿಹಿಗೆ ಒಂದು ಪಾಲು ಹುಳಿ ಹಣ್ಣು ಬೆರೆಸಿ. ಆಗಷ್ಟೇ ಕಿತ್ತ ಗಟ್ಟಿ ಹಣ್ಣಾದರೆ ಒಂದೆರಡು ವಾರ ತಂಪು ಜಾಗದಲ್ಲಿ ಹರಡಿಡಿ. ಪಿಷ್ಟ ಸಕ್ಕರೆಯಾಗಿ ರಸ ಸಿಹಿಯಾಗುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ತುಸುವೇ ತಗ್ಗಬೇಕು, ಅಷ್ಟು ಸಾಕು. ಕಾದು ಕಾದು ಹಣ್ಣು ಹಿಟ್ಟುಹಿಟ್ಟಾದರೆ ರಸಕ್ಕಿಂತ ಲೋಳೆಯೇ ಹೆಚ್ಚು.

ಹಂತ 2: ತೊಳೆಯುವುದು, ಕೆಟ್ಟದ್ದನ್ನು ಕತ್ತರಿಸುವುದು

ದೊಡ್ಡ ಪಾತ್ರೆಯ ನೀರಿಗೆ ಹಣ್ಣು ಹಾಕಿ. ಸೇಬಿನೊಳಗೆ ಗಾಳಿ ಇರುವುದರಿಂದ ಅದು ತೇಲುತ್ತದೆ, ಮಣ್ಣು ತಳಕ್ಕಿಳಿಯುತ್ತದೆ. ಕೈಯಿಂದ ಉಜ್ಜಿ, ಹರಿಯುವ ನೀರಿನಲ್ಲಿ ಇನ್ನೊಮ್ಮೆ ತೊಳೆದರೆ ಮುಗಿಯಿತು. ಹಣ್ಣು ತೊಳೆಯಲೆಂದೇ ಮಾರುವ ದ್ರಾವಣಗಳು ಶುದ್ಧ ದಂಡ.

ತರಚಿದ ಗಾಯ, ಕಂದು ಕಲೆ ಇದ್ದರೆ ಅಷ್ಟನ್ನೇ ಕೆತ್ತಿ ತೆಗೆಯಿರಿ. ಬೂಷ್ಟು ಹಿಡಿದು ಕೊಳೆತ ಹಣ್ಣನ್ನು ಮಾತ್ರ ಇಡಿಯಾಗಿ ಎಸೆಯಿರಿ. ‘ಹೇಗೂ ರಸ ತಾನೆ, ಕುದಿಸಿದರಾಯಿತು’ ಎನ್ನುವವರಿದ್ದಾರೆ. ಆ ಬೂಷ್ಟು ಬಿಡುವ ಪಟುಲಿನ್ ಎಂಬ ವಿಷ ಕಾಯಿಸಿದರೂ ಹೋಗುವುದಿಲ್ಲ. ನೆಲಕ್ಕೆ ಬಿದ್ದ ಹಣ್ಣಿಗೆ ದನಕರು, ಹಕ್ಕಿಗಳ ಹಿಕ್ಕೆ ತಗುಲಿರಬಹುದು, ನಾನಂತೂ ಮುಟ್ಟುವುದಿಲ್ಲ.

ಸಿಪ್ಪೆ ಸುಲಿಯಬೇಡಿ. ತೊಟ್ಟು ಕಿತ್ತು, ನಾಲ್ಕು ಹೋಳು ಮಾಡಿ.

ಹಂತ 3: ತರಿ ಮಾಡುವುದು

ಕೆಲಸ ಕೆಡುವುದೇ ಇಲ್ಲಿ. ಸೇಬಿನ ರಸ ಕೋಟ್ಯಂತರ ಪುಟ್ಟ ಕೋಶಗಳೊಳಗೆ ಬಂಧಿಯಾಗಿರುತ್ತದೆ. ಹೋಳುಗಳನ್ನು ಹಾಗೇ ಪ್ರೆಸ್ಸಿಗೆ ಹಾಕಿದರೆ ಕೋಶ ಒಡೆಯುವುದಿಲ್ಲ, ರಸವೂ ಇಳಿಯುವುದಿಲ್ಲ. ಹಾಗೆಂದು ನುಣ್ಣಗೆ ರುಬ್ಬಿದರೆ ರಸ ಹರಿಯಲು ದಾರಿಯೇ ಉಳಿಯುವುದಿಲ್ಲ. ತಿರುಳು ಬಟ್ಟೆಯ ರಂಧ್ರಗಳಿಗೆ ಮೆತ್ತಿಕೊಂಡು ಗಾರೆ ಬಳಿದ ಗೋಡೆಯಂತಾಗುತ್ತದೆ. ನಮಗೆ ಬೇಕಿರುವುದು ಇವೆರಡರ ನಡುವಿನ ತರಿ. ಐದಾರು ಮಿಲಿಮೀಟರಿನ ಚೂರುಗಳು, ಅಂಚೆಲ್ಲ ಹರಿದು ಒದ್ದೆಯಾಗಿರಬೇಕು.

ಪರೀಕ್ಷೆ ಸುಲಭ. ಒಂದು ಹಿಡಿ ತರಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿ. ಬೆರಳ ಸಂದಿನಿಂದ ರಸ ಧಾರೆಯಾಗಿ ಇಳಿದು ತಿರುಳು ಅಂಗೈಯಲ್ಲೇ ಉಳಿದರೆ ಹದ ಸರಿ. ತಿರುಳೇ ಸಂದಿನಿಂದ ಜಾರಿ ಬಂದರೆ ಅತಿ ನುಣುಪು. ಕೈ ಬರೀ ತೇವವಾಗಿ ಚೂರುಗಳು ಬಿಡಿಬಿಡಿಯಾಗಿ ಉದುರಿದರೆ ಇನ್ನೊಂದು ಸುತ್ತು ಬೇಕು. ಪ್ರತಿ ಕಂತಿಗೂ ಹೀಗೆ ನೋಡಿ. ಗಟ್ಟಿ ಹಣ್ಣಿಗೂ ಮೆತ್ತಗಿನ ಹಣ್ಣಿಗೂ ಹದ ಬೇರೆ.

ಕೈಯಿಂದ ತಿರುಗಿಸುವ, ಹಲ್ಲುಗಳಿರುವ ಹಣ್ಣಿನ ಗಿರಣಿಯೇ ನನ್ನ ಆಯ್ಕೆ. ಸ್ಟೇನ್‌ಲೆಸ್ ಸ್ಟೀಲ್ ಹಲ್ಲು ಇರಲಿ. ಅಗ್ಗಕ್ಕೆ ಸಿಗುವ ಸತುವಿನ ಲೇಪದ ಗಿರಣಿಗಳಿಂದ ಹುಳಿ ರಸಕ್ಕೆ ಲೋಹ ಇಳಿಯುತ್ತದೆ, ದೂರವಿರಿ. ಫುಡ್ ಪ್ರೊಸೆಸರ್ ಇದ್ದರೆ ತುರಿಯುವ ತಟ್ಟೆ ಹಾಕಿ. ಮಿಕ್ಸಿಯೊಂದೇ ಗತಿ ಎನ್ನುವವರು ಬೀಜದ ಗೂಡು ತೆಗೆದು, ಜಾರಿನ ಮೂರನೇ ಒಂದು ಭಾಗವಷ್ಟೇ ತುಂಬಿ, ತಡೆತಡೆದು ಚಾಲೂ ಮಾಡಿ. ಇಡೀ ಬೀಜದಿಂದ ತೊಂದರೆಯಿಲ್ಲ. ಅದನ್ನು ಅರೆದರೆ ಒಳಗಿನ ಅಮಿಗ್ಡಲಿನ್ ಎಂಬ ವಸ್ತು ಸಯನೈಡ್ ವಿಷ ಬಿಡುತ್ತದೆ, ಕಹಿಯೂ ಸೇರುತ್ತದೆ.

ಯಂತ್ರವೇ ಇಲ್ಲದವರಿಗೊಂದು ಅಡ್ಡದಾರಿ: ಹೋಳುಗಳನ್ನು ಫ್ರೀಜರಿನಲ್ಲಿ ಕಲ್ಲಾಗಿಸಿ, ಪೂರ್ತಿ ಕರಗಲು ಬಿಡಿ. ಮಂಜುಗಡ್ಡೆಯೇ ಕೋಶಗಳನ್ನು ಒಡೆದಿರುತ್ತದೆ. ಕೈಯಲ್ಲಿ ಕಿವುಚಿದರೂ ರಸ ಬರುತ್ತದೆ. ತಾಜಾ ಘಮ ಸ್ವಲ್ಪ ಕಡಿಮೆ, ಆದರೆ ಮಿಕ್ಸಿಯ ಗೊಜ್ಜಿಗಿಂತ ನೂರು ಪಾಲು ಮೇಲು.

ತರಿ ನಿಮಿಷಗಳಲ್ಲೇ ಕಂದಾಗುತ್ತದೆ. ಗಾಬರಿ ಬೇಡ, ಅದು ಗಾಳಿ ಸೋಕಿದ್ದರ ಫಲ, ಕೆಟ್ಟಿದ್ದಲ್ಲ. ಬಣ್ಣ ಬೇಕೇ ಬೇಕು ಎನ್ನುವವರು ನಿಂಬೆರಸ ಹಿಂಡಲಿ. ನನಗೆ ಆ ಕಂದೇ ಇಷ್ಟ.

ಹಂತ 4: ಬಟ್ಟೆಗೆ ತುಂಬುವುದು

ಬಟ್ಟೆಯ ಚೀಲವನ್ನು ಮೊದಲು ನೀರಲ್ಲಿ ಅದ್ದಿ ಹಿಂಡಿ. ಚೀಲದ ಮುಕ್ಕಾಲು ಭಾಗವಷ್ಟೇ ತರಿ ತುಂಬಿ, ಬಾಯಿ ಮಡಚಿ ಪ್ರೆಸ್ಸಿನಲ್ಲಿಡಿ. ತಿರುಪು ಬಿಗಿಯುವಾಗ ಆತುರ ಬೇಡ: ಸ್ವಲ್ಪ ಬಿಗಿಯಿರಿ, ರಸದ ಧಾರೆ ಸಣ್ಣಗಾಗುವವರೆಗೆ ನಿಲ್ಲಿ, ಮತ್ತೆ ಬಿಗಿಯಿರಿ. ಸಣ್ಣ ಪ್ರೆಸ್ಸಿನಲ್ಲಿ 10 ಕೆ.ಜಿ. ಹಣ್ಣಿಗೆ 5ರಿಂದ 6 ಲೀಟರ್ ಬಂದರೆ ಒಳ್ಳೆಯ ಇಳುವರಿ.

ಹಿಂಡಿದ ರಸವನ್ನು ಅಂದೇ ಕುಡಿಯಿರಿ, ಇಲ್ಲವೇ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಿ. ಮಕ್ಕಳು, ಬಸುರಿಯರು, ವಯಸ್ಸಾದವರು ಕುಡಿಯುವುದಾದರೆ ಕಾಯಿಸಿಯೇ ಕೊಡಿ. ಅಮೆರಿಕದಲ್ಲಿ 1996ರಲ್ಲಿ ಕಾಯಿಸದ ಸೇಬಿನ ರಸದಿಂದ ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಸೋಂಕು ಹಬ್ಬಿ ಒಂದು ಮಗು ಸತ್ತೇ ಹೋಯಿತು.