ತಾರಸಿಗರು ಗಿಡದೋರಾದ ಕತೆ

2020ರ ಮಾರ್ಚ್ 25ಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಲ್ಲ, ಅದಾಗಿ ಮೂರು ವಾರಕ್ಕೆ ಮೈಸೂರಿನ ನಮ್ಮ ಮನೆ ತಾರಸಿ ಮೇಲೆ ಹದಿನಾಲ್ಕು ಬಕೆಟ್ ಬದನೆ ಸಸಿ ಇದ್ದವು, ಫೋನಿನಲ್ಲಿ ಹನ್ನೊಂದು ಜನರ ವಾಟ್ಸಾಪ್ ಗುಂಪು ಇತ್ತು. ಎರಡೂ ನಾನು ಯೋಚಿಸಿ ಮಾಡಿದ್ದಲ್ಲ. ನಮ್ಮೂರಿನದೇ ತಳಿಯಾದ ಈರನಗೆರೆ ಬದನೆ ಬೀಜ ಯಾರ ಹತ್ತಿರ ಇದೆ ಅಂತ ಕೇಳಿದ್ದೆ, ಅಷ್ಟೇ. ಗುಂಪಿನ ತಲೆಯ ಮೇಲೆ ‘ಗಿಡ, ಬೀಜ’ ಅಂತ ಬರೆದು ಮರೆತುಬಿಟ್ಟೆ.

ಒಂದು ವರ್ಷದೊಳಗೆ 256 ಜನ ಆದರು. ಆಗ ವಾಟ್ಸಾಪ್ ಗುಂಪಿಗೆ ಅಷ್ಟೇ ಮಿತಿ. 1024 ಆಗಿದ್ದು 2022ರ ಕೊನೆಗೆ. ಹಾಗಾಗಿ ಎರಡನೇ ಗುಂಪು ತೆರೆಯಬೇಕಾಯಿತು. ಅಲ್ಲಿಗೆ ಕಳಿಸಿದವರೆಲ್ಲ ಮುನಿಸಿಕೊಂಡರು, ನಾವೇನು ಎರಡನೇ ಪಂಕ್ತಿಯವರಾ ಅಂತ. ಹುಡುಗನೊಬ್ಬ ಸಲಹೆ ಕೊಟ್ಟ: ‘ಆಂಟಿ, ನಮಗೆಲ್ಲ ಸೇರಿ ಒಂದು ಹೆಸರು ಬೇಕು. ಗುಂಪು ಎರಡಾದ್ರೂ ನಾವೆಲ್ಲ ಒಂದೇ ಅಂತ ಅನ್ನಿಸುತ್ತೆ. ವಿಕಿಪೀಡಿಯದಲ್ಲಿ ಬರೆಯೋರಿಗೆ ವಿಕಿಪೀಡಿಯನ್ನರು ಅನ್ನಲ್ವಾ?’ ಮಗಳನ್ನು ಕೇಳಿದರೆ ಅವಳಿಗೆ ಇದು ಚರ್ಚೆಯ ವಿಷಯವೇ ಅಲ್ಲ. ಕೊರಿಯಾದ ಹಾಡುಗಾರರ ತಂಡ ಬಿಟಿಎಸ್‌ನ ಅಭಿಮಾನಿಗಳಿಗೆ 2013ರಿಂದಲೇ ‘ಆರ್ಮಿ’ ಅಂತ ಹೆಸರಿದೆಯಂತೆ. ನಾನಂದೆ, ಅದಕ್ಕೂ ಎಷ್ಟೋ ಮುಂಚೆ ರಾಜ್‌ಕುಮಾರ್ ‘ಅಭಿಮಾನಿ ದೇವರುಗಳು’ ಅಂದಿದ್ದರು ಕಣೇ. ಅಂದಮೇಲೆ ಹೊಳೆಯಿತು: ಆ ಹೆಸರುಗಳು ನಡುವೆ ನಿಂತ ಒಬ್ಬರತ್ತ ನೋಡುವ ಜನರವು. ನಮ್ಮ ಗುಂಪಿನ ನಡುವೆ ಬದನೆ ಗಿಡ ಬಿಟ್ಟರೆ ಯಾರೂ ಇರಲಿಲ್ಲ.

ಆದರೂ ಹೆಸರಿಡಲು ಹೊರಟೆ. 2021ರ ಯುಗಾದಿ ಹೊತ್ತು. ಆಗ ವಾಟ್ಸಾಪಿನಲ್ಲಿ ಮತದಾನದ ಸೌಲಭ್ಯ ಇರಲಿಲ್ಲ. ಪಟ್ಟಿ ಹಾಕಿದೆ, ಪ್ರತಿಯೊಬ್ಬರೂ ಅದನ್ನು ನಕಲು ಮಾಡಿ, ತಮ್ಮ ಹೆಸರು ಸೇರಿಸಿ ಮತ್ತೆ ಹಾಕಬೇಕು. ಇಬ್ಬರು ಒಂದೇ ಹೊತ್ತಿಗೆ ನಕಲು ಮಾಡಿದರೆ ಒಬ್ಬರ ಮತ ಮಾಯ. ಕಳೆದುಹೋದ ಮತಗಳನ್ನು ರಾತ್ರಿ ಹನ್ನೊಂದಕ್ಕೆ ಕೂತು ಕಾಗದದ ಮೇಲೆ ಎಣಿಸಿದ್ದೇನೆ. ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ನೋಡಿದವಳಿಗೂ ಅದು ತಾಳೆಯಾಗಲಿಲ್ಲ.

ಪಟ್ಟಿಯ ಕತೆ ಇನ್ನೂ ದೊಡ್ಡದು. ಮೊದಲು ಬಂದಿದ್ದು ‘ತೋಟಗಾರರು’. ಇಲಾಖೆಯ ಸುತ್ತೋಲೆ ಓದಿದ ಹಾಗಾಗುತ್ತೆ ಅಂತ ಅದನ್ನು ನಾನೇ ಬೇಡ ಅಂದೆ. ಶಿರಸಿಯವರೊಬ್ಬರು ಧ್ವನಿಸಂದೇಶ ಹಾಕಿ ನಕ್ಕರು: ‘ನಮ್ಮ ಬದಿಗೆ ತೋಟ ಅಂದ್ರೆ ಅಡಿಕೆ ತೋಟ ಮಾರಾಯ್ರೆ. ಹನ್ನೆರಡು ಕುಂಡ ಇಟ್ಕಂಡು ತೋಟಗಾರ ಅಂದ್ರೆ ಊರಲ್ಲಿ ನಗ್ತಾರೆ.’ ಆಮೇಲೆ ಯಾರೋ ‘ತೋಟಿಗರು’ ಅಂದರು. ಹಿರಿಯರೊಬ್ಬರು ತಕ್ಷಣ ಎಚ್ಚರಿಸಿದರು: ಹಳ್ಳಿಯಲ್ಲಿ ತೋಟಿ, ತಳವಾರ ಅಂತ ಕೆಲಸದವರಿದ್ದರು, ಆ ಮಾತಿಗೆ ಬೇರೆಯೇ ನೋವಿನ ಚರಿತ್ರೆ ಇದೆ, ತಮಾಷೆಗೆ ಬಳಸಬೇಡಿ. ‘ಮಾಲಿಗಳು’ ಅಂದರೆ ಅದೂ ಒಂದು ಜಾತಿಯ ಹೆಸರು. ಆಗಲೇ ಮೊದಲ ಬಾರಿ ಗಮನಿಸಿದ್ದು: ನಮ್ಮ ಭಾಷೆಯಲ್ಲಿ ಮಾಡುವ ಕೆಲಸದಿಂದ ಜನಕ್ಕೆ ಹೆಸರು ಕಟ್ಟಲು ಹೋದರೆ ಎರಡು ಹೆಜ್ಜೆಗೆ ಒಂದು ಜಾತಿ ಎದುರಾಗುತ್ತದೆ. ಗಾಣಿಗ, ಬಣಜಿಗ, ಒಕ್ಕಲಿಗ, ಕುಂಬಾರ, ನೇಕಾರ. ‘ಕನ್ನಡಿಗ’ದಲ್ಲಿ ಇರುವುದೂ ಅದೇ ‘ಇಗ’. ನಾಡಿನ ಹೆಸರಿಗೆ ಅಂಟಿದಾಗ ಎಲ್ಲರನ್ನೂ ಒಳಗೆ ಕರೆಯುತ್ತದೆ, ಕಸುಬಿಗೆ ಅಂಟಿದಾಗ ಬೇಲಿ ಹಾಕುತ್ತದೆ.

ಕೊನೆಗೆ ಗೆದ್ದದ್ದು ‘ತಾರಸಿಗರು’. ಕೇಳಲು ಚೆನ್ನಾಗಿತ್ತು. ಕವಿತೆ ಬರೆಯುವ ಒಬ್ಬರು, ಇದರಲ್ಲಿ ರಸಿಕರೂ ಇಣುಕುತ್ತಾರೆ ಅಂದರು. ಖುಷಿಯಲ್ಲಿ ಐವತ್ತು ಬಟ್ಟೆ ಚೀಲಕ್ಕೆ ‘ನಾನು ತಾರಸಿಗ’ ಅಂತ ಅಚ್ಚು ಹಾಕಿಸಿಬಿಟ್ಟೆ. ಚೀಲ ಕೈಗೆ ಬಂದಮೇಲೆ ತಲೆಗೆ ಹೊಳೆಯಿತು, ಗುಂಪಿನಲ್ಲಿ ಮೂರರಲ್ಲಿ ಎರಡು ಪಾಲು ಹೆಂಗಸರು! ಹೂವಾಡಿಗನಿಗೆ ಹೂವಾಡಗಿತ್ತಿ ಇರುವಂತೆ ತಾರಸಿಗನಿಗೆ ತಾರಸಿಗಿತ್ತಿ ಆಗಬೇಕು. ಮಂಡ್ಯದ ಗೆಳತಿಯೊಬ್ಬಳು ತನ್ನ ಚೀಲದ ಮೇಲೆ ಮಾರ್ಕರ್ ಹಿಡಿದು ‘ಗ’ಕ್ಕೆ ಗುಡಿಸು ಕೊಟ್ಟು, ಪಕ್ಕದಲ್ಲಿ ದಪ್ಪಗೆ ‘ತ್ತಿ’ ಬರೆದು ಫೋಟೋ ಹಾಕಿದಳು. ‘ಸೂಲಗಿತ್ತಿ ಥರ ಕೇಳಿಸುತ್ತೆ’ ಅಂತ ಒಬ್ಬರು ಅಂದರು. ‘ಸಸಿ ಹೆರಿಗೆ ಮಾಡಿಸ್ತೀನಲ್ಲ, ಸರಿಯಾಗೇ ಇದೆ’ ಅಂದಳು. ಇಡೀ ಪ್ರಕರಣದಲ್ಲಿ ನನಗೆ ಇಷ್ಟವಾದದ್ದು ಆ ಚೀಲ ಒಂದೇ.

ಹೆಸರಿನಿಂದ ಉಪಯೋಗವೇ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಎರಡೂ ಗುಂಪಿನವರು ಒಂದಾಗಿದ್ದು ನಿಜ. ದಸರಾ ಫಲಪುಷ್ಪ ಪ್ರದರ್ಶನಕ್ಕೆ ಕುಪ್ಪಣ್ಣ ಪಾರ್ಕಿನಲ್ಲಿ ಸೇರಿದಾಗ ಮುಖ ಗೊತ್ತಿಲ್ಲದವರು ಚೀಲ ನೋಡಿ ಗುರುತು ಹಿಡಿದರು. ಹಳೇ ಮದುವೆ ಕಾಗದದ ಲಕೋಟೆಯಲ್ಲಿ ಬೀಜ ಕೈ ಬದಲಾದವು. ಉಡುಪಿಯವರೊಬ್ಬರು ಮಟ್ಟುಗುಳ್ಳ ಬೀಜ ತಂದಿದ್ದರು. ಆ ಬದನೆಗೆ 2011ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಅಂಟಿದ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮಟ್ಟು ಊರಿನ ಸುತ್ತಿನ ಮಣ್ಣಲ್ಲಿ ಬೆಳೆದರೆ ಮಾತ್ರ ಆ ಹೆಸರು. ‘ನಿಮ್ಮ ಬಕೆಟ್ಟಲ್ಲಿ ಬೆಳೆದದ್ದಕ್ಕೆ ಬರೀ ಗುಳ್ಳ ಅನ್ನಿ’ ಅಂತ ನಗುತ್ತಲೇ ಕೊಟ್ಟರು.

ಅದೇ ವಾರ ಯಾದಗಿರಿ ಕಡೆಯ ಅಕ್ಕ ನನಗೊಬ್ಬಳಿಗೇ ಸಂದೇಶ ಕಳಿಸಿದ್ದರು. ಬಸಳೆ ಬಗ್ಗೆ ಗುಂಪಿನಲ್ಲಿ ಅವರಷ್ಟು ತಿಳಿದವರು ಇರಲಿಲ್ಲ. ‘ನಮ್ಮ ಮನಿ ತಗಡಿಂದರಿ. ತಾರಸಿ ಇಲ್ಲ. ನಾ ಹಿತ್ತಲದಾಗ ಬೆಳೀತೀನಿ. ಇರಬೇಕೋ, ಹೋಗಬೇಕೋ?’ ಆ ಸಾಲನ್ನು ನಾಲ್ಕೈದು ಸಲ ಓದಿದೆ. ಹೆಸರಿಗೆ ಮತ ಹಾಕಿದ ನಮ್ಮಲ್ಲಿ ಒಬ್ಬರಿಗೂ, ತಾರಸಿ ಅಂದರೆ ಮೊದಲು ಸಿಮೆಂಟಿನ ಸೂರು ಇರಬೇಕು ಅನ್ನುವುದು ಹೊಳೆದಿರಲಿಲ್ಲ. ಹೆಸರು ತಮಾಷೆಗೆ ಇಟ್ಟದ್ದು, ನೀವು ಹೋದರೆ ಬಸಳೆ ಗತಿ ಏನು ಅಂತ ಬರೆದೆ. ಉತ್ತರಕ್ಕೆ ಒಂದು ಕೈಮುಗಿಯುವ ಚಿಹ್ನೆ ಬಂತು. ಆಮೇಲೂ ಗುಂಪಿನಲ್ಲೇ ಇದ್ದರು, ಮಾತು ಮಾತ್ರ ಕಡಿಮೆಯಾಯಿತು.

ಎರಡನೆಯದು ಇನ್ನೂ ಕೆಟ್ಟದ್ದು. ಹೊಸದಾಗಿ ಸೇರಿದ ಹುಡುಗಿಯೊಬ್ಬಳ ದಾಸವಾಳಕ್ಕೆ ಹಿಟ್ಟುತಿಗಣೆ ಬಿದ್ದಿತ್ತು. ಅಂಗಡಿಯವನು ಕೊಟ್ಟ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಹೊಡೆದೆ, ಎಲೆ ಯಾಕೋ ಮುದುಡುತ್ತಿದೆ ಅಂತ ಫೋಟೋ ಹಾಕಿದಳು. ಹಿಂದಾಗಿದ್ದರೆ ಏನು ಉತ್ತರ ಬರುತ್ತಿತ್ತು ಅಂತ ನನಗೆ ಬಾಯಿಪಾಠ: ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಬೆರೆಯಲಿ ಅಂತ ಸ್ವಲ್ಪ ಸೋಪು, ಸಂಜೆ ಹೊತ್ತು ಎಲೆಯಡಿಗೆ ಸಿಂಪಡಿಸು, ಇರುವೆ ಸಾಲು ಎಲ್ಲಿಂದ ಬರುತ್ತಿದೆ ನೋಡು, ತಿಗಣೆಯನ್ನು ಹೊತ್ತು ತರುವುದೇ ಅವು. ಈ ಸಲ ಬಂದ ಮೊದಲ ಉತ್ತರ: ‘ತಾರಸಿಗರು ವಿಷ ಹೊಡೆಯೋದಿಲ್ಲ.’ ಅದಕ್ಕೆ ಹದಿನೇಳು ಜನ ಹೆಬ್ಬೆರಳು ಎತ್ತಿದರು. ಬೇವಿನೆಣ್ಣೆ ಸುದ್ದಿ ಯಾರೂ ಎತ್ತಲಿಲ್ಲ. ಮಾರನೇ ದಿನ ಆ ಹುಡುಗಿ ಗುಂಪು ಬಿಟ್ಟಳು. ನನಗೂ ವಿಷ ಹೊಡೆಯುವುದು ಇಷ್ಟವಿಲ್ಲ, ಆದರೆ ಅವಳು ಕೇಳಿದ್ದು ಎಲೆಯ ಬಗ್ಗೆ. ‘ನೀನು ಹೀಗೆ ಮಾಡಿ ನೋಡು’ ಅನ್ನುತ್ತಿದ್ದ ಜನ ‘ನಾವು ಹಾಗೆ ಮಾಡೋರಲ್ಲ’ ಅನ್ನತೊಡಗಿದ್ದರು. ಅದನ್ನು ಅನ್ನಲು ಒಂದು ಹೆಸರು ಬೇಕಿತ್ತು, ನಾನೇ ಒದಗಿಸಿದ್ದೆ.

ವಿಕಿಪೀಡಿಯನ್ನರಿಗೆ ಹೀಗೆ ಆಗುವುದಿಲ್ಲವೇ ಅಂತ ಆ ಹುಡುಗನನ್ನೇ ಕೇಳಿದೆ. ಅಲ್ಲೂ ಜಗಳಕ್ಕೆ ಬರವಿಲ್ಲವಂತೆ. ಆದರೆ ಅಲ್ಲಿ ಒಂದು ಸಾಲು ತಿದ್ದಿದರೂ ಆ ಹೆಸರು ನಿಮ್ಮದು, ಮನೆಗೆ ಸೂರು ಯಾವುದು ಅಂತ ಕೇಳುವವರಿಲ್ಲ. ಧಾರವಾಡದಲ್ಲಿ ಬೇಂದ್ರೆಯವರು, ಶಂ.ಬಾ. ಜೋಶಿಯವರು ಕಟ್ಟಿಕೊಂಡ ಸಾಹಿತಿಗಳ ಬಳಗದ ಹೆಸರೂ ಬರೀ ‘ಗೆಳೆಯರ ಗುಂಪು’. ಅದರೊಳಗಿದ್ದವರನ್ನು ಏನೆನ್ನಬೇಕು ಅಂತ ಮತ ಹಾಕಿಸುವ ಪ್ರಮೇಯವೇ ಇರಲಿಲ್ಲ.

ಹೆಸರು ರದ್ದು ಅಂತ ಘೋಷಿಸಲು ಧೈರ್ಯ ಬರಲಿಲ್ಲ. ಸುಮ್ಮನೆ ನಾನು ಬಳಸುವುದನ್ನು ಬಿಟ್ಟೆ. ‘ನಿಜವಾದ ತಾರಸಿಗರು’ ಅಂತ ಯಾರಾದರೂ ಶುರು ಮಾಡಿದರೆ ಅದರ ಕೆಳಗೆ ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಬರೆಯುತ್ತಿದ್ದೆ. ಉಳಿದ ಹನ್ನೊಂದು ಚೀಲ ಬೇಸಿಗೆಯಲ್ಲಿ ಕುಂಡದ ಮಣ್ಣು ಮುಚ್ಚಲು ಹೋದವು. 2022ರ ಕೊನೆಗೆ ಮಿತಿ ಏರಿದಾಗ ಎರಡೂ ಗುಂಪು ಸೇರಿಸಿದೆ. ಹೆಸರಿಟ್ಟದ್ದಕ್ಕೆ ಇದ್ದ ಕಾರಣವೂ ಹೋಯಿತು.

ಹೆಸರು ಬಂದದ್ದು ಬೇರೆ ಕಡೆಯಿಂದ. ನಮ್ಮತ್ತೆ ಗೇಟಿನ ಹತ್ತಿರ ಕೂತು ಬಂದುಹೋಗುವವರನ್ನೆಲ್ಲ ಒಳಗೆ ಕೂಗಿ ಹೇಳುತ್ತಾರೆ: ಹಾಲಿನೋರು ಬಂದ್ರು, ಪೇಪರಿನೋರು ಬಂದ್ರು, ಗ್ಯಾಸಿನೋರು ಬಂದ್ರು. ಬೀಜ ಕೊಡಲು, ಕಡ್ಡಿ ಒಯ್ಯಲು ಬರುವವರು ಹೆಚ್ಚಾದಾಗ ಅವರೆಲ್ಲ ‘ಗಿಡದೋರು’ ಆದರು. ‘ಗಿಡದೋರು ಬಂದಿದಾರೆ, ಕಾಫಿ ಇಡು.’ ಹೆಣ್ಣು, ಗಂಡು, ತಾರಸಿ, ಹಿತ್ತಲು, ಜಾತಿ, ಯಾವ ರಗಳೆಯೂ ಇಲ್ಲ. ‘ನಾನು ಗಿಡದೋರು’ ಅಂತ ಯಾರೂ ತಮ್ಮನ್ನೇ ಕರೆದುಕೊಳ್ಳಲು ಬರುವುದೂ ಇಲ್ಲ, ಅದು ಬೇರೆಯವರು ಕರೆಯುವ ಮಾತು. ಮಂಡ್ಯದವಳು ಗುಂಪಿನಲ್ಲಿ ಹೇಳಿ ನಗಿಸಿದಳು, ಆಮೇಲೆ ಶಿರಸಿಯವರೂ ಹಾಗೇ ಅನ್ನತೊಡಗಿದರು.

ಹೋದ ಮಳೆಗಾಲ ದಾಸವಾಳದ ಹುಡುಗಿ ಮತ್ತೆ ಸೇರಿದಳು. ‘ಮತ್ತೆ ಹಿಟ್ಟುತಿಗಣೆ. ಈ ಸಲ ಬೈಬೇಡಿ’ ಅಂತ ಫೋಟೋ ಹಾಕಿದಳು. ಎಂಟು ನಿಮಿಷಕ್ಕೆ ಒಂಬತ್ತು ಉತ್ತರ. ಮೊದಲನೆಯದು ಯಾದಗಿರಿ ಅಕ್ಕನದು: ‘ಮೊದಲ ಹಸಿ ಅರಬಿಲೇ ಒರಸವಾ.’ ಇನ್ನೆರಡರಲ್ಲಿ ಬೇವಿನೆಣ್ಣೆಯ ಅಳತೆ ತಪ್ಪಿತ್ತು. ತಿದ್ದಲು ಕೂತೆ.