ಕಚ್ಚಿಕೊಂಡ ಹಲಗೆ: ಹಳೆಯ ಸನ್‌ಫಿಶ್ ದೋಣಿಯೊಂದಿಗೆ ನನ್ನ ಅನುಭವ

ಕ್ಯಾಂಡಲ್‌ವುಡ್ ಸರೋವರದ ದಡ ಇನ್ನು ಮೂವತ್ತು ಅಡಿ ಇದೆ ಎನ್ನುವಾಗ ನಮ್ಮ ಪುಟ್ಟ ಹಾಯಿದೋಣಿಯ ಡ್ಯಾಗರ್‌ಬೋರ್ಡ್, ಅಂದರೆ ನೀರಿಗೆ ಇಳಿಬಿಡುವ ಹಲಗೆ, ಎತ್ತಲು ಕೈ ಹಾಕಿದೆ. ಬರಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ಅರ್ಧ ಅಡಿ ಮೇಲೆ ಬಂದು ಕಚ್ಚಿಕೊಂಡಿತು. ಆಮೇಲೆ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಹಲಗೆ ಕೆಳಗಿದ್ದರೆ ಸನ್‌ಫಿಶ್‌ಗೆ ಸುಮಾರು ಮೂರು ಅಡಿ ನೀರು ಬೇಕು, ಹಲಗೆ ತೆಗೆದರೆ ಕೆಲವೇ ಇಂಚು ಸಾಕು. ನನ್ನ ಹೆಂಡತಿ ಸೊಂಟದ ಮಟ್ಟದ ನೀರಿಗಿಳಿದು ದೋಣಿ ಹಿಡಿದುಕೊಂಡಳು. ಕೊನೆಗೆ ಹಾಯಿ, ಕಂಬ ಎರಡನ್ನೂ ಕಳಚಿ, ದೋಣಿಯನ್ನು ಮಗ್ಗುಲಿಗೆ ಮಲಗಿಸಿ, ತೇಲಿಸಿಕೊಂಡೇ ದಡ ಸೇರಿಸಿದೆವು.

ನಾವಿರುವುದು ಅಮೆರಿಕದ ಕನೆಕ್ಟಿಕಟ್‌ನ ಡ್ಯಾನ್‌ಬರಿಯಲ್ಲಿ. ಸನ್‌ಫಿಶ್ ಹುಟ್ಟಿದ್ದು ಇಲ್ಲೇ ಪಕ್ಕದ ವಾಟರ್‌ಬರಿಯಲ್ಲಿ, 1950ರ ದಶಕದ ಆರಂಭದಲ್ಲಿ. ಅಲೆಕ್ಸಾಂಡರ್ ಬ್ರಯನ್ ಮತ್ತು ಕೋರ್ಟ್‌ಲ್ಯಾಂಡ್ ಹೈನಿಗರ್ ಎಂಬ ಇಬ್ಬರು ಗೆಳೆಯರು ತಮ್ಮ ಹೆಸರುಗಳನ್ನೇ ಕೂಡಿಸಿ ‘ಆಲ್‌ಕಾರ್ಟ್’ ಎಂಬ ಕಂಪನಿ ಕಟ್ಟಿ ಇದನ್ನು ತಯಾರಿಸಿದರು. ಹದಿನಾಲ್ಕು ಅಡಿಗೆ ಮೂರು ಇಂಚು ಕಮ್ಮಿ ಉದ್ದ, 75 ಚದರಡಿಯ ಒಂದೇ ಹಾಯಿ. ಫೈಬರ್‌ಗ್ಲಾಸ್‌ನ ಟೊಳ್ಳು ಒಡಲು, ಒಳಗೆ ತೇಲಲೆಂದು ಫೋಮ್ ದಿಮ್ಮಿಗಳು. ನಾನು ಕೊಂಡದ್ದು ಹಳೆಯದು, ಮರದ ಡ್ಯಾಗರ್‌ಬೋರ್ಡ್ ಇದ್ದ ಕಾಲದ್ದು. ಮಾರಿದ ಹಿರಿಯರು ಅದನ್ನು ವಾರಗಟ್ಟಲೆ ಹಲಗೆ ಇಳಿಸಿಯೇ ನೀರಿನಲ್ಲಿ ಕಟ್ಟಿರುತ್ತಿದ್ದರು. ಕೊಳ್ಳುವಾಗ ಹಾಯಿ ಹರಿದಿದೆಯೇ ಎಂದು ಅಂಗುಲ ಅಂಗುಲ ನೋಡಿದ ನಾನು ಹಲಗೆಯನ್ನು ಪೂರ್ತಿ ಹೊರಗೆ ತೆಗೆದು ನೋಡಿರಲಿಲ್ಲ.

ಡ್ಯಾಗರ್‌ಬೋರ್ಡ್ ಎಂದರೆ ಡೆಕ್ಕಿನ (ದೋಣಿಯ ಮೇಲ್ಹಾಸಿನ) ಮೇಲಿನಿಂದ ತಳದವರೆಗೆ ಇರುವ ಒಂದು ಕಿರಿದಾದ ಗೂಡಿನಲ್ಲಿ ನೇರ ಇಳಿಬಿಡುವ ಹಲಗೆ. ಗಾಳಿ ಪಕ್ಕದಿಂದ ತಳ್ಳಿದಾಗ ದೋಣಿ ಅಡ್ಡಡ್ಡ ಜಾರದೆ ಮುಂದಕ್ಕೆ ಹೋಗುವುದು ಇದರಿಂದಲೇ. ಇದರ ತಲೆ ಅಗಲವಾಗಿರುವುದರಿಂದ ಕೆಳಗಿನಿಂದ ಹೊರಬರುವುದಿಲ್ಲ. ಮೇಲಕ್ಕೇ ಎಳೆಯಬೇಕು.

ಮನೆಗೆ ತಂದ ದಿನವೇ ನಾನು ತಪ್ಪು ಮಾಡಿದೆ. ಹಲಗೆಯ ತುದಿಗೆ ಮರದ ತುಂಡು ಆನಿಸಿ ಕೆಳಗಿನಿಂದ ರಬ್ಬರ್ ಸುತ್ತಿಗೆಯಲ್ಲಿ ಬಡಿದೆ. ಐದನೇ ಏಟಿಗೆ ‘ಚಟ್’ ಎಂದಿತು. ಗೂಡು ದೋಣಿಯ ತಳಕ್ಕೆ ಕೂಡುವ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು. ಹಲಗೆ ಮಾತ್ರ ಅಲ್ಲಾಡಿರಲಿಲ್ಲ. ಆ ಜಾಗ ಸೋರಿದರೆ ನೀರು ನೇರ ಟೊಳ್ಳು ಒಡಲಿಗೇ ಹೋಗುತ್ತದೆ, ಒಳಗಿನ ಫೋಮ್ ಅದನ್ನು ಹೀರಿ ದೋಣಿ ಭಾರವಾಗುತ್ತದೆ. ಹಲಗೆ ಹಾಳಾದರೆ ಇನ್ನೊಂದು ಮಾಡಿಕೊಳ್ಳಬಹುದು, ಗೂಡು ಒಡೆದರೆ ದೋಣಿಯನ್ನೇ ಕೊಯ್ಯಬೇಕು. ಸುತ್ತಿಗೆ ಕೆಳಗಿಟ್ಟೆ.

ಅವತ್ತು ರಾತ್ರಿ ತೀರ್ಥಹಳ್ಳಿಯಲ್ಲಿರುವ ಅಪ್ಪನಿಗೆ ಫೋನ್ ಮಾಡಿದೆ. ಅವರು ಹಾಯಿದೋಣಿ ಕಂಡವರಲ್ಲ. ಆದರೆ ಆಷಾಢದಲ್ಲಿ ಚೌಕಟ್ಟಿಗೆ ಕಚ್ಚಿಕೊಂಡ ಬಾಗಿಲುಗಳ ಜೊತೆ ಎಪ್ಪತ್ತು ವರ್ಷ ಬದುಕಿದವರು. “ನೀರು ಕುಡಿದಿದೆ ಮಾರಾಯ, ಮತ್ತೇನಲ್ಲ. ಅದನ್ನ ಈಗ ಕೀಸಕ್ಕೆ ಹೋಗಬೇಡ. ಒಣಗಲಿ, ಆಮೇಲೆ ಎಲ್ಲಿ ಹಿಡೀತದೆ ನೋಡು” ಎಂದರು. ನಮ್ಮನೆಯ ಅಡುಗೆಕೋಣೆ ಬಾಗಿಲು ನೆನಪಾಯಿತು. ಮಳೆಗಾಲದಲ್ಲಿ ಕೀಸಿದ್ದಕ್ಕೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದಿ ಬಿದ್ದಿತ್ತು.

ಮರ ಉಬ್ಬುವುದು ನಾರಿಗೆ ಅಡ್ಡವಾಗಿ. ಉದ್ದಕ್ಕೆ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿದಾಗ ಡೆಕ್ಕಿನ ಮೇಲೆ ಒಣಗಿದ್ದ ತಲೆಯ ಹತ್ತಿರ ದಪ್ಪ 22.2 ಮಿ.ಮೀ., ನೀರಿನಲ್ಲಿದ್ದ ಕೆಳತುದಿಯ ಹತ್ತಿರ 22.8. ಈ ಅರ್ಧ ಮಿಲಿಮೀಟರೊಂದೇ ಇಷ್ಟು ಬಿಗಿ ಹಿಡಿಯಬೇಕಿರಲಿಲ್ಲ. ಹಾಲಿನ ಪ್ಲಾಸ್ಟಿಕ್ ಕ್ಯಾನಿನಿಂದ ಉದ್ದನೆಯ ತೆಳು ಪಟ್ಟಿ ಕತ್ತರಿಸಿ ಹಲಗೆಯ ಸುತ್ತ ಇಳಿಬಿಟ್ಟೆ. ಎಡಪಕ್ಕ ಸಲೀಸಾಗಿ ಇಳಿಯಿತು. ಬಲಪಕ್ಕ ಒಂದು ಕಡೆ ಕರಕರ ಎಂದು ನಿಂತಿತು. ಮರಳು, ಸಣ್ಣ ಕಲ್ಲು. ದಡದಿಂದ ದೋಣಿ ನೂಕುವಾಗ ಹಲಗೆಯ ತುದಿ ನೆಲಕ್ಕೆ ತಾಗಿ ಅವು ಮೇಲೆ ನುಗ್ಗಿರಬೇಕು. ದೋಣಿಯನ್ನು ಹಳೇ ಟೈರುಗಳ ಮೇಲೆ ಮಗ್ಗುಲಾಗಿಸಿ, ಡೆಕ್ಕಿನ ಕಡೆಯಿಂದ ಪೈಪಿನ ನೀರು ಬಿಟ್ಟು, ಪಟ್ಟಿಯಿಂದ ಕೆದಕುತ್ತಾ ತೊಳೆದೆ. ಕಡಲೆಕಾಳಿನ ಗಾತ್ರದ ಎರಡು ಕಲ್ಲು ಕೆಳಗೆ ಬಿದ್ದವು.

ಎಣ್ಣೆ, ಬಿಗಿದದ್ದನ್ನು ಸಡಿಲಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆಯಲು ಹಲವರು ಹೇಳಿದರು. ನಾನು ಹೊಡೆಯಲಿಲ್ಲ. ಮರ ಎಣ್ಣೆ ಕುಡಿದರೆ ಆಮೇಲೆ ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಾಗಲಿ ವಾರ್ನಿಷ್ ಆಗಲಿ ಸರಿಯಾಗಿ ಅಂಟುವುದಿಲ್ಲ. ಬಿಸಿಗಾಳಿಯ ಗನ್ನನ್ನೂ ದೂರವಿಟ್ಟೆ. ಗ್ಯಾರೇಜಿನಲ್ಲಿ ಟೇಬಲ್ ಫ್ಯಾನನ್ನು ಗೂಡಿನ ಬಾಯಿಗೆ ತಿರುಗಿಸಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಹಚ್ಚಿ ಒಂಬತ್ತು ದಿನ ಬಿಟ್ಟೆ. ಬಿಸಿಲಿಗೆ ಇಡಲಿಲ್ಲ, ಒಂದೇ ಮೈ ಬೇಗ ಒಣಗಿ ಹಲಗೆ ಸೊಟ್ಟಗಾಗುತ್ತದೆ, ಸೀಳುತ್ತದೆ.

ಹತ್ತನೇ ದಿನ ಎಳೆಯುವ ಕೆಲಸ. ದೋಣಿಯನ್ನು ನೆಟ್ಟಗೆ ಎರಡು ಮರದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಡೆಕ್ಕಿನ ಮೇಲೆ ಗೂಡಿನ ಎರಡೂ ಪಕ್ಕ ಅಗಲವಾದ ಪ್ಲೈವುಡ್ ಹಾಸಿದೆ, ಒತ್ತಡ ಒಂದೇ ಜಾಗಕ್ಕೆ ಬೀಳಬಾರದು. ಹಲಗೆಯ ಹೊರಗಿದ್ದ ಭಾಗಕ್ಕೆ ಎರಡು ಮರದ ಪಟ್ಟಿ ಅಡ್ಡಲಾಗಿ ಇಟ್ಟು ಸಿ-ಕ್ಲ್ಯಾಂಪಿನಲ್ಲಿ ಬಿಗಿದೆ. ಪ್ಲೈವುಡ್ಡಿಗೂ ಪಟ್ಟಿಗೂ ನಡುವೆ ಮರದ ಬೆಣೆಗಳನ್ನು ಎದುರುಬದುರು ಜೋಡಿಯಾಗಿ ತೂರಿಸಿ, ಎಡಕ್ಕೊಂದು ಬಲಕ್ಕೊಂದು ಮೆಲ್ಲಗೆ ತಟ್ಟುತ್ತಾ ಹೋದೆ. ಒಂದೇ ಕಡೆ ತಟ್ಟಿದರೆ ಹಲಗೆ ಓರೆಯಾಗಿ ಇನ್ನೂ ಬಿಗಿಯಾಗುತ್ತದೆ. ಕಾಲಿಂಚು ಎದ್ದಿತು. ಕ್ಲ್ಯಾಂಪ್ ಸಡಿಲಿಸಿ ಕೆಳಕ್ಕೆ ಸರಿಸಿ ಮತ್ತೆ ಬಿಗಿದೆ. ಹೀಗೆ ಏಳು ಸಲ. ಎಂಟನೆಯ ಸಲಕ್ಕೆ ಕೈಯಲ್ಲೇ ಬಂತು. ಹೆಂಡತಿ ಒಳಗಿನಿಂದ ಓಡಿಬಂದಳು, ಇಬ್ಬರೂ ಆ ಹಲಗೆಯನ್ನು ನೋಡುತ್ತಾ ನಿಂತೆವು. ಬಲಮೈಯಲ್ಲಿ ಕಲ್ಲು ಗೀರಿದ ಉದ್ದನೆಯ ಗಾಯ. ಅಂಚುಗಳಲ್ಲಿ ವಾರ್ನಿಷ್ ಇರಲೇ ಇಲ್ಲ. ನಡುವೆ ಯಾರೋ ಬಳಿದ ದಪ್ಪನೆಯ ಬಣ್ಣ. ಉಬ್ಬು, ಕಲ್ಲು, ಬಣ್ಣ ಮೂರೂ ಸೇರಿ ಹಿಡಿದಿದ್ದವು.

ತೂಗಿದೆ: 5.6 ಕೆ.ಜಿ. ಇದು ಮುಖ್ಯ. ಮುಟ್ಟಿ ನೋಡಿದರೆ ಮೈ ಒಣಗಿದಂತೆಯೇ ಇರುತ್ತದೆ, ಒಳಗಿನ ನೀರು ತಕ್ಕಡಿಗೆ ಮಾತ್ರ ಗೊತ್ತು. ವಾರಕ್ಕೆರಡು ಸಲ ತೂಗಿ ಬರೆದಿಟ್ಟೆ. ನಾಲ್ಕು ವಾರಕ್ಕೆ 4.9ಕ್ಕೆ ಬಂದು ನಿಂತಿತು. ಆಗ ದಪ್ಪ ಎಲ್ಲ ಕಡೆ ಸಮ. ಮರವನ್ನು ಕೀಸುವ ಅಗತ್ಯವೇ ಬೀಳಲಿಲ್ಲ, ಬಣ್ಣವನ್ನಷ್ಟೇ ಉಜ್ಜಿ ತೆಗೆದೆ. ತೆಳು ಎಪಾಕ್ಸಿ ಮೂರು ಕೈ ಬಳಿದೆ. ನಾರಿನ ತುದಿ ತೆರೆದಿರುವ ಕೆಳ ಅಂಚಿಗೆ ಇನ್ನೂ ಎರಡು, ಏಕೆಂದರೆ ಮರ ಹೆಚ್ಚು ನೀರು ಕುಡಿಯುವುದು ಅಲ್ಲಿಂದಲೇ. ಎಪಾಕ್ಸಿ ಬಿಸಿಲಿಗೆ ತಾಳುವುದಿಲ್ಲ, ಹಾಗಾಗಿ ಮೇಲೆ ವಾರ್ನಿಷ್.

ನಾನು ಮಾಡಿದ ಬಿರುಕನ್ನು ಗಾಜಿನೆಳೆಯ ಬಟ್ಟೆ, ಎಪಾಕ್ಸಿ ಹಾಕಿ ಮುಚ್ಚಿದೆ. ಸೋರಿಕೆ ಹುಡುಕಲು ಸೈಕಲ್ ಅಂಗಡಿಯವರ ಉಪಾಯವನ್ನೇ ತಿರುಗಿಸಿ ಮಾಡಿದೆ: ನೀರು ಬಸಿಯುವ ತೂತಿಗೆ ಕೊಳವೆ ಕೊಟ್ಟು, ಮೆಲ್ಲಗೆ ಬಾಯಲ್ಲಿ ಊದಿ, ಗೂಡಿನ ಅಂಚಿಗೆಲ್ಲ ಸೋಪುನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡುವುದು. ಕಂಪ್ರೆಸರ್ ಹಚ್ಚಬೇಡಿ, ಡೆಕ್ಕೂ ತಳವೂ ಕೂಡುವ ಜೋಡಣೆ ಬಿಟ್ಟುಹೋಗುತ್ತದೆ. ಗುಳ್ಳೆ ಏಳಲಿಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಸರೋವರಕ್ಕೆ ಇಳಿಸಿದೆವು. ಈಗ ಹಲಗೆ ಎಷ್ಟು ಸಲೀಸೆಂದರೆ ತಾನೇ ಮೇಲೇಳದಂತೆ ಎಲಾಸ್ಟಿಕ್ ಹಗ್ಗ ಕಟ್ಟಬೇಕಾಯಿತು. ಆಳಕ್ಕೆ ಹೋದಮೇಲೆಯೇ ಇಳಿಸುತ್ತೇನೆ, ದಡಕ್ಕೆ ಬಂದ ಕೂಡಲೇ ತೆಗೆದು ಒರೆಸುತ್ತೇನೆ. ಈ ಸರೋವರದಲ್ಲಿ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಸೇರಿಕೊಂಡಿದೆ, ದೋಣಿಯನ್ನು ಬೇರೆ ನೀರಿಗೆ ಒಯ್ಯುವ ಮುನ್ನ ಪೂರ್ತಿ ಒಣಗಿಸಬೇಕು. ಗೂಡಿನೊಳಗೆ ನಿಂತ ನೀರಿನ ಜೊತೆ ಅದೂ ಅಲ್ಲಿಗೆ ಸೇರಿಬಿಡಬಹುದು.

ಈ ಏಪ್ರಿಲ್‌ನಲ್ಲಿ ಹಲಗೆಯನ್ನು ಮತ್ತೆ ತೂಗಿದೆ. 4.9. ಕೆಳತುದಿಯಲ್ಲಿ ಒಂದು ಕಡೆ ವಾರ್ನಿಷ್ ಗೀರಿಹೋಗಿತ್ತು. ಅದನ್ನು ಉಜ್ಜಿ, ಎರಡು ಕೈ ಬಳಿದು, ಒಣಗಲು ಇಟ್ಟಿದ್ದೇನೆ.