ಸಂಸದರ ಮತಪಟ್ಟಿ ಬಿಡಿಸಿದ ನನ್ನ ಅನುಭವ

ಯಾವ ಸಂಸದರು ಯಾವ ಕಡೆ ಮತ ಹಾಕಿದರು ಎಂದು ಹೆಸರುವಾರು ಪಟ್ಟಿ ಮಾಡುತ್ತೇನೆಂದಾಗ ಬಲ್ಲವರೆಲ್ಲ ಹೇಳಿದ್ದು ಒಂದೇ: 'ಅರ್ಧ ಧ್ವನಿಮತದಲ್ಲಿ ಮುಗಿಯುತ್ತದೆ, ಇನ್ನರ್ಧಕ್ಕೆ ವಿಪ್, ಅಂದರೆ ಹೀಗೇ ಮತ ಹಾಕಿ ಎನ್ನುವ ಪಕ್ಷದ ಆದೇಶ, ಇರುತ್ತದೆ, ಅದರಲ್ಲಿ ಸಿಗುವುದೇನು?' ಧ್ವನಿಮತದ ಮಾತು ನಿಜ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆ ಕೃಷಿ ಮಸೂದೆಗಳನ್ನು ಒಪ್ಪಿದ್ದು ಧ್ವನಿಮತದಲ್ಲಿ. ಅಲ್ಲಿ ಹೆಸರುಗಳೇ ಇಲ್ಲ. ಆದರೆ ಒಬ್ಬೊಬ್ಬರ ಮತ ಎಣಿಸುವ ಡಿವಿಷನ್ ಆದಲ್ಲೆಲ್ಲ ಹೆಸರು ಉಳಿಯುತ್ತದೆ, ಸಂವಿಧಾನ ತಿದ್ದುಪಡಿ ಮಸೂದೆಯ ಅಂಗೀಕಾರಕ್ಕಂತೂ ಡಿವಿಷನ್ ತಪ್ಪದು. ಅವುಗಳಿಂದಲೇ ಶುರು ಮಾಡಿದೆ.

ಕಲಾಪದ ಪೂರ್ಣ ವರದಿಯಲ್ಲಿ ಮಸೂದೆಯ ಹೆಸರು ಹಿಡಿದು ಹುಡುಕಿದರೆ ನೂರಾರು ಪುಟ ಭಾಷಣ ಸಿಗುತ್ತದೆ. ನಾನು ಹುಡುಕುವುದು ಡಿವಿಷನ್‌ಗೆ ಮುನ್ನ ಲಾಬಿಗಳನ್ನು, ಅಂದರೆ ಸಭಾಂಗಣದ ಪಕ್ಕದ ಪಡಸಾಲೆಗಳನ್ನು, ತೆರವು ಮಾಡಿ ಎನ್ನುವ ಸಭಾಧ್ಯಕ್ಷರ ಇಂಗ್ಲಿಷ್ ವಾಕ್ಯವನ್ನು. ಅದರ ಆಸುಪಾಸಿನಲ್ಲಿ ಮತಕ್ಕೆ ಹಾಕಿದ ಪ್ರಶ್ನೆ ಇರುತ್ತದೆ, ಕೆಳಗೆ ಪಟ್ಟಿ. ಪ್ರಶ್ನೆಯನ್ನು ಅಕ್ಷರಶಃ ನಕಲು ಮಾಡಿಕೊಳ್ಳಿ. ವಿರೋಧ ಪಕ್ಷದ ತಿದ್ದುಪಡಿಗೆ 'ಹೌದು' ಅಂದವರು ಮಸೂದೆಗೂ 'ಹೌದು' ಅಂದವರಲ್ಲ. 2024ರ ಡಿಸೆಂಬರ್ 17ರಂದು ಏಕಕಾಲ ಚುನಾವಣೆಯ 129ನೇ ತಿದ್ದುಪಡಿ ಮಸೂದೆಗೆ 269-198 ಬಂದಾಗ ಮೂರನೇ ಎರಡರಷ್ಟಿಲ್ಲ, ಬಿದ್ದೇಹೋಯಿತು ಎಂದು ಎಷ್ಟೋ ಜನ ಬರೆದರು. ಆ ಮತ ಬರೀ ಮಂಡನೆಗೆ; ಅದಕ್ಕೆ ಸರಳ ಬಹುಮತ ಸಾಕು. ಅಂಗೀಕಾರದ ಮತವಾಗಿದ್ದರೆ ಅದೇ 467 ಮಂದಿಯಲ್ಲಿ 312 ಬೇಕಾಗುತ್ತಿತ್ತು.

ಹಣ ಹೋದದ್ದು ಹೆಸರು ತೆಗೆಯುವ ಕೆಲಸಕ್ಕೆ. ಹಳೆಯ ವರದಿಗಳು ಸ್ಕ್ಯಾನ್ ಪ್ರತಿಗಳು, ಪುಟಕ್ಕೆ ಎರಡು ಅಂಕಣ. ಹಣ ಕಟ್ಟಿ ತೆಗೆದುಕೊಂಡ ಓಸಿಆರ್ (ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ) ಎರಡೂ ಅಂಕಣ ಬೆರೆಸಿತು. ಸುಮಾರು ಎರಡು ಸಾವಿರ ರೂಪಾಯಿ ನೀರುಪಾಲು. ಟೈಪಿಂಗಿಗೆ ಕೊಟ್ಟೆ, ಏಳೆಂಟು ಸಾವಿರ ಆಗಿರಬೇಕು. ಹೆಸರುಗಳು ಬಂದವು, ಹೆಸರಿನ ಮುಂದಿನ ನಕ್ಷತ್ರ ಚಿಹ್ನೆ ಬರಲಿಲ್ಲ. ಜೀವ ಇರುವುದೇ ಆ ನಕ್ಷತ್ರದಲ್ಲಿ: ಬಟನ್ ಅಲ್ಲ, ಚೀಟಿಯಲ್ಲಿ ಮತ ಎಂದು ಅದರ ಅರ್ಥ. ಲೋಕಸಭೆಯ ಹಳೆಯ ಸಭಾಂಗಣದಲ್ಲಿ ಎರಡು ಗುಂಡಿ ಒಟ್ಟಿಗೆ ಒತ್ತಿ ಎರಡನೇ ಸಲ ಗಂಟೆ ಬಾರಿಸುವವರೆಗೆ ಹಿಡಿದಿರಬೇಕಿತ್ತು. ಒಂದು ಬಿಟ್ಟರೂ ಮತ ಏರುತ್ತಿರಲಿಲ್ಲ, ಆಮೇಲೆ ಹಸಿರು, ಕೆಂಪು ಅಥವಾ ಹಳದಿ ಚೀಟಿಯೇ ಗತಿ.

ಕೊನೆಗೆ ಗೆದ್ದದ್ದು ಲೆಕ್ಕ ಕೂಡಿಸುವ ವಿಧಾನ. ಪುಟವನ್ನು ನಡುವೆ ಕತ್ತರಿಸಿ ಒಂದೊಂದೇ ಅಂಕಣ ಓದಿಸುತ್ತೇನೆ, ಖರ್ಚು ಶೂನ್ಯ. ಬಟನ್ ಮತ ತೋರಿಸುವ ಫಲಕದ ಸಂಖ್ಯೆಗೆ ಚೀಟಿಯವರನ್ನು ಕೂಡಿಸಿ, ಚೀಟಿಯಲ್ಲಿ ಮತ ಬದಲಿಸಿದವರನ್ನು ಒಂದು ಕಡೆಯಿಂದ ಕಳೆದು ಇನ್ನೊಂದು ಕಡೆ ಸೇರಿಸುತ್ತೇನೆ. ಮೊತ್ತ ಅಂತಿಮ ಸಂಖ್ಯೆಗೆ ಕೂಡದಿದ್ದರೆ ಆ ಡಿವಿಷನ್ ದಾಖಲಾಗುವುದೇ ಇಲ್ಲ. 2008ರ ಜುಲೈ 22ರ ವಿಶ್ವಾಸಮತ ಒಳ್ಳೆಯ ಪರೀಕ್ಷೆ: ಫಲಕ ತೋರಿಸಿದ್ದು 253-232, ತಟಸ್ಥ 2. ಚೀಟಿಗಳು ಸೇರಿ 275-256, ತಟಸ್ಥ 10. ಫಲಕದ ಆಚೆ ಉಳಿದದ್ದು 54 ಮತ. ಇದನ್ನು ಬಿಟ್ಟು ಮಾಡಿದ ಪಟ್ಟಿಗೆ ಏನು ಬೆಲೆ? ಹೀಗೆ ಕೂಡಿಸಿದ ಪಟ್ಟಿಯಲ್ಲಿ ತಪ್ಪು ತೋರಿಸಿ ಎಂದು ಅನುಮಾನಪಟ್ಟವರ ಮುಂದೆಯೇ ಇಟ್ಟೆ. ಇಲ್ಲಿಯವರೆಗೆ ಯಾರೂ ತೋರಿಸಿಲ್ಲ.

ಹೆಸರು ಹೊಂದಿಸುವುದು ಇನ್ನೊಂದು ಗೋಳು. ನಮ್ಮ ಕಡೆಯ 'ಗೌಡ' ಒಂದು ಪಟ್ಟಿಯಲ್ಲಿ ಮೊದಲು, ಇನ್ನೊಂದರಲ್ಲಿ ಕೊನೆಗೆ. ಕ್ಷೇತ್ರ ಮತ್ತು ಅವಧಿ ಸೇರಿಸಿ ಪ್ರತಿಯೊಬ್ಬರಿಗೂ ಸ್ವಂತ ಸಂಖ್ಯೆ ಕೊಟ್ಟಿದ್ದೇನೆ. ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡಲು ಪಟ್ಟಿಯೊಳಗೇ ಒಂದು ಕುರುಹು ಇದೆ. ಅದನ್ನು ಸದ್ಯ ಇಟ್ಟುಕೊಳ್ಳುತ್ತೇನೆ.

ಪಕ್ಷದೊಳಗಿನ ಭಿನ್ನಮತ ಅಳೆಯಲೂ ನೋಡಿದೆ. ವಿಪ್ ಇರುವಾಗ ಅದು ಬಹುಪಾಲು ಸೊನ್ನೆ. ಗೈರುಹಾಜರಿ ಮಾತ್ರ ಮಾತಾಡುತ್ತದೆ: ಸಂವಿಧಾನದ ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧ) ಪ್ರಕಾರ ವಿಪ್ ಮೀರಿ ಮತ ಹಾಕದೆ ಉಳಿದರೂ ಸದಸ್ಯತ್ವಕ್ಕೆ ಕುತ್ತು, 15 ದಿನದೊಳಗೆ ಪಕ್ಷ ಮನ್ನಿಸಿದರೆ ಬಚಾವು. 2025ರ ಏಪ್ರಿಲ್‌ನಲ್ಲಿ ವಕ್ಫ್ ಮಸೂದೆಗೆ ಲೋಕಸಭೆಯಲ್ಲಿ 288-232, ಅಂದರೆ 520. ಉಳಿದವರಲ್ಲಿ ಸಭಾಧ್ಯಕ್ಷರನ್ನೂ ಖಾಲಿ ಸ್ಥಾನಗಳನ್ನೂ ಮೊದಲು ತೆಗೆಯಬೇಕು. ಸಮಬಲವಾಗದ ಹೊರತು ಸಭಾಧ್ಯಕ್ಷರ ಮತ ಇಲ್ಲ. ಸಭಾತ್ಯಾಗ ಯಾರದು ಎಂದು ವಿಡಿಯೊದಲ್ಲಿ ಗುರುತಿಸಲು ಹೋದೆ, ಕ್ಯಾಮೆರಾ ಮಾತಾಡುವವರ ಮೇಲೇ ಇರುತ್ತದೆ. ಹಾಜರಿ ಪುಸ್ತಕವೂ ಪೂರ್ತಿ ನೆರವಾಗದು. ಸಚಿವರು ಸಹಿ ಮಾಡುವುದಿಲ್ಲ, ಬೆಳಿಗ್ಗೆ ಸಹಿ ಹಾಕಿದವರು ಸಂಜೆಯ ಮತಕ್ಕೆ ಇದ್ದರೆಂದೂ ಅಲ್ಲ. ಹಾಗಾಗಿ ನನ್ನ ಪಟ್ಟಿಯಲ್ಲಿ 'ತಟಸ್ಥ' ಒಂದು ಕಲಂ, 'ಹೆಸರಿಲ್ಲ' ಇನ್ನೊಂದು.